ಕಣ್ಣಿಗೆ ಪೊರೆ ಯಾಕೆ ಬರುತ್ತೆ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯೋರು. "ನನ್ನ ತಲೆಗೆ ಅಕ್ಷರ ಹತ್ತಲ್ಲ ಟೀಚರಮ್ಮ, ಬಿಟ್ಟುಬಿಡಿ" ಅನ್ನೋರು. ಒಂದು ದಿನ ಬಾಗಿಲ ಬೆಳಕಿನಲ್ಲಿ ಅವರ ಕಣ್ಣು ನೋಡಿದೆ. ಕಪ್ಪು ಗುಡ್ಡೆಯ ನಡುವೆ ಬೆಳ್ಳಗೆ ಕಂಡಿತು. ತಪ್ಪು ತಲೆಯದಲ್ಲ, ಪೊರೆಯದು.

ಕಣ್ಣಿನ ಮೇಲೆ ಚರ್ಮ ಬೆಳೆದು ಪೊರೆ ಆಗುತ್ತೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನ ಒಳಗೆ ಅವರೆಕಾಳಿನಷ್ಟು ದೊಡ್ಡ ಮಸೂರ ಇದೆ. ಗಾಜಿನಂತೆ ತಿಳಿಯಾಗಿರುತ್ತೆ. ಅದರಲ್ಲಿ ಹೆಚ್ಚಿನ ಪಾಲು ನೀರು. ಮೂರರಲ್ಲಿ ಒಂದು ಪಾಲು ಪ್ರೋಟೀನ್.

ಪ್ರೋಟೀನ್ ಅಂದರೆ ಉದ್ದನೆಯ ದಾರ ಇದ್ದಂತೆ. ನಮ್ಮ ಮೈಯ ಸಣ್ಣ ಸಣ್ಣ ಜೀವಕೋಶಗಳಲ್ಲಿ ಇದು ತಯಾರಾಗುತ್ತೆ. ಸೀರೆ ಉಡುವಾಗ ನೆರಿಗೆ ಹಿಡಿಯುತ್ತೀರಲ್ಲ? ಪ್ರೋಟೀನಿಗೂ ಸರಿಯಾದ ಮಡಿಕೆ ಬೇಕು. ಮಡಿಕೆ ಬಿಚ್ಚಿದರೆ ಒಂದಕ್ಕೊಂದು ಅಂಟಿ ಗಂಟಾಗುತ್ತೆ. ಮೊಟ್ಟೆ ಬೇಯಿಸಿದಾಗ ಆಗೋದೂ ಇದೇ. ಹಸಿ ಮೊಟ್ಟೆಯ ಲೋಳೆ ತಿಳಿ. ಬೆಂದರೆ ಬಿಳಿ. ತಣ್ಣೀರಿಗೆ ಹಾಕಿದರೆ ಮತ್ತೆ ತಿಳಿಯಾಗುತ್ತಾ? ಇಲ್ಲ.

ಈ ಗಂಟು ಆಗದಂತೆ ಕಾಯುವ ಪ್ರೋಟೀನುಗಳೂ ಇವೆ. ಹೊಸ ಮದುಮಗಳ ಜೊತೆ ಒಬ್ಬ ಹಿರಿಯ ಹೆಂಗಸನ್ನು ಕಳಿಸ್ತೀವಲ್ಲ, ಹಾಗೆ. ವಿಜ್ಞಾನಿಗಳು ಇವುಗಳನ್ನು 'ಶಾಪೆರೋನ್' ಅಂತಾರೆ. ನಾವು ಜೊತೆಗಾತಿ ಅನ್ನೋಣ. ಕೆಲವು ಜೊತೆಗಾತಿಯರು ಮಡಿಕೆ ಹಾಕಲು ನೆರವಾಗುತ್ತಾರೆ. ಕೆಲವರು ಮಡಿಕೆ ಬಿಚ್ಚಿದ ಪ್ರೋಟೀನನ್ನು ಬೇರೆಯದಕ್ಕೆ ಅಂಟದಂತೆ ಹಿಡಿದುಕೊಳ್ಳುತ್ತಾರೆ.

ಕಣ್ಣಿನ ಮಸೂರದ ಜೊತೆಗಾತಿಯ ಹೆಸರು ಆಲ್ಫಾ ಕ್ರಿಸ್ಟಲಿನ್. ಅದು ಈ ಕೆಲಸ ಮಾಡಬಲ್ಲದು ಎಂದು 1992ರಲ್ಲಿ ಅಮೆರಿಕದ ಜೋಸೆಫ್ ಹಾರ್ವಿಟ್ಸ್ ತೋರಿಸಿಕೊಟ್ಟರು. ಮೈಯ ಬೇರೆ ಕಡೆ ಹಳೆ ಪ್ರೋಟೀನ್ ಹೋಗಿ ಹೊಸದು ಬರುತ್ತೆ. ಮಸೂರದ ನಡುಭಾಗದಲ್ಲಿ ಹಾಗಿಲ್ಲ. ನಾವು ಹುಟ್ಟುವ ಮೊದಲು ತಯಾರಾದದ್ದೇ ಕಡೇ ತನಕ ಇರಬೇಕು. ಜೊತೆಗಾತಿಯೂ ಅಷ್ಟೇ, ಹೊಸಬಳು ಬರೋದಿಲ್ಲ. ವರ್ಷ ಕಳೆದಂತೆ ಮಡಿಕೆ ಬಿಚ್ಚಿದವು ಹೆಚ್ಚುತ್ತವೆ. ಇದ್ದ ಕೈಗಳೆಲ್ಲ ತುಂಬಿಹೋಗುತ್ತವೆ. ಆಮೇಲೆ ಗಂಟು ಕಟ್ಟಿ ಮಸೂರ ಬೆಳ್ಳಗಾಗುತ್ತೆ. ಅದೇ ಪೊರೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕಡು ಬಿಸಿಲು ಇದ್ದರೆ ಬೇಗ ಬರಬಹುದು.

ಅಜ್ಜಿ ಸಂತೆಯಲ್ಲಿ ಕೊಂಡ ಹನಿ ಬಿಟ್ಟುಕೊಂಡಿದ್ದರು. ಸೊಪ್ಪಿನ ರಸ, ಎದೆಹಾಲನ್ನೂ ಹಾಕಿದ್ದರಂತೆ. ಬೆಂದ ಮೊಟ್ಟೆಯನ್ನು ಯಾವ ಹನಿ ತಿಳಿ ಮಾಡೀತು? ಇಂಥವು ಕಣ್ಣಿಗೆ ಹುಣ್ಣು ತರಬಹುದು. ಪೊರೆಗೆ ಆಪರೇಷನ್ ಒಂದೇ ದಾರಿ. ಬೆಳ್ಳಗಾದ ಮಸೂರ ತೆಗೆದು ಬೇರೆ ಮಸೂರ ಕೂರಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯದು. ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಅಂಧತ್ವ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೂ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

"ಈ ವಯಸ್ಸಿನಲ್ಲಿ ಯಾಕೆ" ಅಂತ ಅಜ್ಜಿಯ ಮಗ ತಡೆದ. ಸೊಸೆಯೇ ಹಟ ಹಿಡಿದು ಕರೆದುಕೊಂಡು ಹೋದಳು. ಈಗ ಅಜ್ಜಿ ಬಸ್ಸಿನ ಬೋರ್ಡು ಕೂಡಿಸಿ ಓದುತ್ತಾರೆ. ಇನ್ನೊಂದು ಕಣ್ಣಿಗೆ ಬರುವ ತಿಂಗಳು ಆಪರೇಷನ್.