ಸೀಲ್ ಬದಲಿಸಿದರೂ ಆಯಿಲ್ ಲೀಕ್ ಯಾಕೆ? ಹಳೆಯ ಕಾರು ಕೊಳ್ಳುವ ಮೊದಲು ಇಂಜಿನ್‌ನ ಉಸಿರು ನೋಡಿ

ಬಟ್ಟೆ ಖರೀದಿಗೆ ಇಚಲಕರಂಜಿಗೆ ಹೋದ ಕರಾವಳಿಯ ವ್ಯಾಪಾರಿಗೆ ಅಲ್ಲಿಂದಲೇ ಒಂದು ಹಳೆಯ ಕಾರು ತರುವ ಆಸೆ ಹುಟ್ಟುವುದು ಸಹಜ. ಎಂಎಚ್-09 ನಂಬರಿನ ಮಾರುತಿ 800, ಓಮ್ನಿ, ಝೆನ್ ಕಣ್ಣಿಗೆ ಬೀಳುತ್ತವೆ, ರೇಟೂ ಹಿಡಿಸುತ್ತದೆ. ಎನ್‌ಒಸಿ, ಕರ್ನಾಟಕದ ರೋಡ್ ಟ್ಯಾಕ್ಸ್ ಎಲ್ಲ ಕೂಡಿಸಿ ಲೆಕ್ಕ ಹಾಕುವವರು ಬಾನೆಟ್ ಕೆಳಗಿನ ಲೆಕ್ಕವನ್ನು ಮಾತ್ರ ಮರೆಯುತ್ತಾರೆ. "ಸ್ವಲ್ಪ ಆಯಿಲ್ ಲೀಕ್ ಉಂಟು, ಒಂದು ಸೀಲ್ ಹಾಕಿದ್ರೆ ಆಯ್ತು" ಅನ್ನುವ ಮಾತಿನಲ್ಲೇ ಹಲವರು ಕೈ ಸುಟ್ಟುಕೊಳ್ಳುವುದು.

ಸೀಲ್ ಅಗ್ಗದ್ದೇ. ಆದರೆ ಕ್ರ್ಯಾಂಕ್‌ನ ಹಿಂದಿನ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕೂಲಿ ಅಲ್ಲೇ ಏರುತ್ತದೆ. ಅಷ್ಟು ಮಾಡಿಸಿದ ಮೇಲೂ ಕೆಲವೇ ದಿನಗಳಲ್ಲಿ ನೆಲದ ಮೇಲೆ ಮತ್ತೆ ಆಯಿಲ್ ಕಲೆ ಕಂಡರೆ ತಪ್ಪು ಸೀಲ್‌ನದ್ದಲ್ಲದೆ ಇರಬಹುದು, ಒಳಗಿನ ಒತ್ತಡದ್ದಾಗಿರಬಹುದು.

ಇಂಜಿನ್ ಓಡುವಾಗ ಸುಟ್ಟ ಗ್ಯಾಸ್ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಹೊಸ ಇಂಜಿನ್‌ನಲ್ಲೂ ಇದು ಇದ್ದದ್ದೇ. ಹಿಂದೆ ಒಂದು ಪೈಪ್ ಮೂಲಕ ಅದನ್ನು ರಸ್ತೆಗೇ ಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾಟ ತಡೆಯಲು ಆ ಗ್ಯಾಸನ್ನು ಮತ್ತೆ ಇಂಜಿನ್‌ಗೇ ಎಳೆದು ಸುಡುವ ಪಿಸಿವಿ ವ್ಯವಸ್ಥೆ ಬಂತು. ಕೆಲವು ಕಾರುಗಳಲ್ಲಿ ಇದಕ್ಕೆ ಸಣ್ಣ ವಾಲ್ವ್ ಇರುತ್ತದೆ, ಕೆಲವದರಲ್ಲಿ ಏರ್ ಫಿಲ್ಟರ್‌ಗೆ ಹೋಗುವ ಬ್ರೀದರ್ ಪೈಪ್ ಮಾತ್ರ. ಜಿಡ್ಡು ಕಟ್ಟಿ ಈ ದಾರಿ ಮುಚ್ಚಿದರೆ ಗ್ಯಾಸ್ ಎಲ್ಲಿ ಹೋಗಬೇಕು? ವಾಲ್ವ್ ಕವರ್ ಪ್ಯಾಕಿಂಗ್, ಡಿಪ್‌ಸ್ಟಿಕ್ ಬಾಯಿ, ಕ್ರ್ಯಾಂಕ್ ಸೀಲ್, ಹೀಗೆ ಸಿಕ್ಕ ಕಡೆ ಆಯಿಲನ್ನೂ ತಳ್ಳಿಕೊಂಡು ಹೊರಬರುತ್ತದೆ.

ಪರೀಕ್ಷೆಗೆ ದೊಡ್ಡ ಮಷಿನ್ ಬೇಡ. ಇಂಜಿನ್ ಹೊರಗಿನ ಜಿಡ್ಡನ್ನೆಲ್ಲ ಒರೆಸಿ ಇಪ್ಪತ್ತು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಆಯಿಲ್ ಇಳಿದು ಹರಡುತ್ತದೆ, ಹಾಗಾಗಿ ತೊಟ್ಟಿಕ್ಕುವ ಜಾಗ ಹುಟ್ಟಿದ ಜಾಗವಲ್ಲ. ಎಷ್ಟೋ ಸಲ ಹಿಂದಿನ ಸೀಲ್ ಅಂದುಕೊಂಡದ್ದು ಕವರ್ ಪ್ಯಾಕಿಂಗ್ ಆಗಿರುತ್ತದೆ.

ಆಮೇಲೆ ಪೆಟ್ರೋಲ್ ಕಾರಾದರೆ ಐಡಲ್‌ನಲ್ಲಿಟ್ಟು ಆಯಿಲ್ ತುಂಬುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ತೆಳು ಕಾಗದ ಇಡಿ (ಬೆಲ್ಟ್, ಫ್ಯಾನ್‌ನಿಂದ ಕೈ ದೂರ ಇರಲಿ). ಕಾಗದ ಮೆಲ್ಲಗೆ ಒಳಕ್ಕೆ ಎಳೆದರೆ ಉಸಿರು ಸರಿಯಿದೆ. ಗ್ಯಾಸ್ ರಭಸದಿಂದ ಕಾಗದ ಹಾರಿಸಿದರೆ ದಾರಿ ಮುಚ್ಚಿದೆ, ಇಲ್ಲವೇ ರಿಂಗ್ ಸವೆದಿದೆ. ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿ ನೋಡಿ, ಒಳಗೆ ಟಕ್ ಟಕ್ ಸದ್ದು ಬರದಿದ್ದರೆ ಸಿಕ್ಕಿಕೊಂಡಿದೆ, ಹೊಸದೇ ಹಾಕಿಸಿ. ಅದರ ಪೈಪ್ ಉಬ್ಬಿದೆಯಾ, ಸೀಳಿದೆಯಾ ನೋಡುವುದನ್ನು ಮರೆಯಬೇಡಿ. ಏರ್ ಫಿಲ್ಟರನ್ನೂ ತೆಗೆದು ನೋಡಿ. ಇಚಲಕರಂಜಿ ಪವರ್‌ಲೂಮ್ ಊರು, ಮಗ್ಗದ ಶೆಡ್ ಪಕ್ಕ ನಿಂತ ಕಾರಿನ ಫಿಲ್ಟರ್‌ಗೆ ಹತ್ತಿಯ ಧೂಳು ಸೇರಬಹುದು. ಫಿಲ್ಟರ್ ಕಟ್ಟಿದರೆ ಇಂಜಿನ್ ಬ್ರೀದರ್‌ನಿಂದ ಆಯಿಲನ್ನೇ ಎಳೆಯತೊಡಗುತ್ತದೆ.

ಮುಚ್ಚಳದಡಿ ಬಿಳಿ ಕೆನೆಯಂಥ ಜಿಡ್ಡು ಕಂಡರೆ ಗಾಬರಿ ಬೇಡ. ಬರೀ ಪೇಟೆಯೊಳಗೆ ಓಡಿದ ಕಾರಿನಲ್ಲಿ ಮಳೆಗಾಲದ ತೇವ ಹಾಗೆ ಕೂರುತ್ತದೆ. ಆದರೆ ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಲೇಬೇಕು.

ದಾರಿ ಗಡಹಿಂಗ್ಲಜ, ಆಜರಾ ಮೇಲಿಂದಾದರೆ ಆಂಬೋಲಿ ಘಾಟ್ ಒಳ್ಳೆಯ ಪರೀಕ್ಷೆ. ಗೇರ್‌ನಲ್ಲೇ ಇಳಿದು ಕೆಳಗೆ ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಕಡೆ ನೋಡಿ. ಏರುವಾಗ ಒತ್ತಿದಷ್ಟೂ ಬರುತ್ತಲೇ ಇದ್ದರೆ ರಿಂಗ್. ಆದರೆ ಘಾಟ್ ತಲುಪುವಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದಲ್ಲ! ಅದಕ್ಕೇ ಮಾತು ಮುಗಿಸುವ ಮೊದಲೇ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಕಡಿಮೆ ತೋರಿದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ರಿಂಗ್ ಅಂತಾದರೆ ಇಂಜಿನ್ ಬಿಚ್ಚದೆ ವಿಧಿಯಿಲ್ಲ. ಕೊಲ್ಹಾಪುರ ಫೌಂಡ್ರಿಗಳ ಊರು, ಶಿವಾಜಿ ಉದ್ಯಮನಗರದ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ ಬೋರಿಂಗ್, ಪಿಸ್ಟನ್, ಕೂಲಿ ಎಲ್ಲದರ ರೇಟ್ ಬರೆಸಿಕೊಳ್ಳಿ. ಆ ಚೀಟಿ ಮುಂದಿಟ್ಟೇ ಕಾರಿನ ರೇಟ್ ಮಾತಾಡಿ.