ಆನೆಯ ದಂತ ಕೊಯ್ದವರು ಯಾರು? ಬೌದ್ಧ ಶಿಲ್ಪ, ಚಿತ್ರಗಳನ್ನು ಓದುವ ಒಂದು ದಾರಿ

ಜಾತಕ ಕತೆ ಅಂದ ಕೂಡಲೇ ನಮಗೆ ನೆನಪಾಗೋದು ಮಕ್ಕಳ ಪುಸ್ತಕ. ಒಂದು ಮೊಸಳೆ, ಒಂದು ಕೋತಿ, ಕೊನೆಯಲ್ಲೊಂದು ನೀತಿ. ಹಾಗಾಗಿ ಸಾಂಚಿಗೋ ಅಜಂತಾಕ್ಕೋ ಹೋದಾಗ ಗೈಡ್ "ಇದು ಜಾತಕ ಕತೆ ಸಾರ್" ಅಂದರೆ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಪುಸ್ತಕದಲ್ಲಿ ಏನಿದೆಯೋ ಅದನ್ನೇ ಶಿಲ್ಪಿ ಕಲ್ಲಿಗೆ ಇಳಿಸಿದ್ದಾನೆ, ಚಿತ್ರಕಾರ ಗೋಡೆಗೆ ತಂದಿದ್ದಾನೆ ಅನ್ನೋದು ನಮ್ಮ ಅಂದಾಜು.

ಆದರೆ ಇತಿಹಾಸ ಇದಕ್ಕೆ ತಿರುಗುಮುರುಗು. ಪಾಳಿ ಜಾತಕ ಸಂಗ್ರಹದಲ್ಲಿ 547 ಕತೆಗಳಿವೆ. ಅದರಲ್ಲಿರುವ ಪದ್ಯಗಳು ಹಳೆಯವು. ಪದ್ಯಗಳನ್ನು ಜೋಡಿಸಿ ಕತೆ ಹೇಳುವ ಗದ್ಯ ಮಾತ್ರ ಈಗಿನ ರೂಪಕ್ಕೆ ಬಂದದ್ದು ಸುಮಾರು ಕ್ರಿ.ಶ. 5ನೇ ಶತಮಾನದ ಹೊತ್ತಿಗೆ, ಶ್ರೀಲಂಕಾದಲ್ಲಿ. ಮಧ್ಯಪ್ರದೇಶದ ಭರ್ಹುತ್ ಸ್ತೂಪದ ಕಲ್ಲಿನ ಕಟಾಂಜನದ ಮೇಲೆ ಇದೇ ಕತೆಗಳನ್ನು ಕೆತ್ತಿದ್ದು ಕ್ರಿ.ಪೂ. 2ನೇ ಶತಮಾನದ ಸುಮಾರಿಗೆ. ಅಂದರೆ ನಾವು ಓದುವ ಗದ್ಯಕ್ಕಿಂತ ಕಲ್ಲು ಐದಾರು ಶತಮಾನ ಹಿರಿಯದು. ಹಾಗಿದ್ದಮೇಲೆ ಶಿಲ್ಪವನ್ನು ಪುಸ್ತಕದ ನೆರಳು ಅನ್ನುವುದು ಎಷ್ಟು ಸರಿ? ಒಂದೇ ಒಂದು ಕತೆಯನ್ನು ಹಿಡಿದುಕೊಂಡು ಇದನ್ನು ನೋಡೋಣ.

ಆರು ದಂತದ ಆನೆ

ಛದ್ದಂತ ಜಾತಕದ ಕತೆ ಹೀಗಿದೆ. ಹಿಮಾಲಯದ ಸರೋವರವೊಂದರ ಬಳಿ ಆರು ದಂತಗಳ ಒಂದು ಗಜರಾಜ ಇತ್ತು. ಬೋಧಿಸತ್ವ ಆ ಜನ್ಮದಲ್ಲಿ ಆನೆ. ಅದಕ್ಕೆ ಇಬ್ಬರು ಹೆಂಡತಿಯರು, ಮಹಾಸುಭದ್ದಾ ಮತ್ತು ಚುಲ್ಲಸುಭದ್ದಾ. ಒಂದು ದಿನ ಹೂಬಿಟ್ಟ ಸಾಲದ ಮರಕ್ಕೆ ಗಜರಾಜ ಗುದ್ದಿದಾಗ ಹಿರಿಯವಳ ಮೇಲೆ ಹೂ ಉದುರಿತು. ಕಿರಿಯವಳ ಮೇಲೆ ಒಣಕಡ್ಡಿ, ಕೆಂಪಿರುವೆ ಬಿದ್ದವು. ಬೇಕಂತ ಮಾಡಿದ್ದಲ್ಲ, ಆದರೆ ಅವಳ ಮನಸ್ಸು ಮುರಿಯಿತು. ಸೇಡಿನ ಹರಕೆ ಹೊತ್ತು ಸತ್ತವಳು ಮುಂದಿನ ಜನ್ಮದಲ್ಲಿ ಕಾಶಿಯ ರಾಣಿಯಾದಳು. ಕಾಯಿಲೆಯ ನೆಪ ಹೇಳಿ, ಆ ಆನೆಯ ದಂತ ಬೇಕೆಂದು ಸೋನುತ್ತರ ಎಂಬ ಬೇಡನನ್ನು ಕಳಿಸಿದಳು.

ಬೇಡ ಕಾವಿ ಬಟ್ಟೆ ಹೊದ್ದು, ಗುಂಡಿಯಲ್ಲಿ ಅಡಗಿ ಬಾಣ ಬಿಟ್ಟ. ಗಾಯಗೊಂಡ ಆನೆ ಅವನನ್ನು ಹೊಸಕಿ ಹಾಕಬಹುದಿತ್ತು. ಕಾವಿ ಕಂಡು ತಡೆಯಿತು. ಒಳಗಿನ ಕೊಳೆ ಕಳೆಯದವನು ಈ ಬಟ್ಟೆಗೆ ಯೋಗ್ಯನಲ್ಲ ಎಂಬರ್ಥದ ಮಾತು ಅಲ್ಲಿ ಬರುತ್ತದೆ. ಪಾಳಿಯಲ್ಲಿ ಕೊಳೆಗೂ ಕಾವಿಗೂ ಒಂದೇ ಪದ ಆಡುತ್ತದೆ. ಇದೇ ಪದ್ಯಗಳು ಧಮ್ಮಪದದಲ್ಲೂ ಇವೆ. ಆನೆ ಬಟ್ಟೆಯನ್ನು ಗೌರವಿಸಿತು, ಹಾಗಂತ ಅದರೊಳಗಿರುವವನ ಬಗ್ಗೆ ಮೋಸಹೋಗಲಿಲ್ಲ. ಇವತ್ತಿನ ದಿನಗಳಲ್ಲಿ ಓದಿದಾಗ ನನಗೆ ಇದು ಬರೀ ಮಕ್ಕಳ ಕತೆ ಅನ್ನಿಸುವುದಿಲ್ಲ.

ದಂತ ತಲುಪಿದಾಗ ರಾಣಿಗೆ ಹಿಂದಿನ ಜನ್ಮದ ಗಂಡನ ನೆನಪು ಉಕ್ಕಿ, ಎದೆಯೊಡೆದು ಸತ್ತಳು. ಕತೆ ಇಷ್ಟೇ. ಆದರೆ ದಂತವನ್ನು ಕೊಯ್ದವರು ಯಾರು?

ಭರ್ಹುತ್: ಗರಗಸ ಬೇಡನ ಕೈಯಲ್ಲಿ

ಪಾಳಿ ಗದ್ಯ ಹೇಳುವ ಪ್ರಕಾರ ಬೇಡನಿಗೆ ಕೊಯ್ಯಲು ಆಗುವುದಿಲ್ಲ. ಆನೆಯೇ ಸೊಂಡಿಲಿನಲ್ಲಿ ಗರಗಸ ಹಿಡಿದು ತನ್ನ ದಂತ ಕೊಯ್ದು ಕೊಡುತ್ತದೆ. ಅದೇ ಜಾತಕದ ಹಳೆಯ ಪದ್ಯಗಳಲ್ಲಿ ಕೊಯ್ಯುವವನು ಬೇಡ.

ಭರ್ಹುತ್‌ನ ಶಿಲ್ಪಿ ಯಾರ ಪಕ್ಷ? ಕಟಾಂಜನದ ದುಂಡನೆಯ ಫಲಕದಲ್ಲಿ ಗರಗಸ ಇರುವುದು ಬೇಡನ ಕೈಯಲ್ಲೇ. ಅಂದರೆ ಕಲ್ಲು ಹೊಂದುವುದು ಹಳೆಯ ಪದ್ಯಕ್ಕೆ. ಫ್ರೆಂಚ್ ವಿದ್ವಾಂಸ ಆಲ್ಫ್ರೆಡ್ ಫೂಶೆ ಸುಮಾರು ನೂರು ವರ್ಷಗಳ ಹಿಂದೆಯೇ ಈ ಕತೆಯ ಪಠ್ಯ, ಶಿಲ್ಪ, ಚಿತ್ರಗಳನ್ನು ಎದುರುಬದುರು ಇಟ್ಟು ಇದನ್ನು ತೋರಿಸಿದ. ಕಾಲ ಕಳೆದಂತೆ ಆನೆಯ ತ್ಯಾಗ ದೊಡ್ಡದಾಗುತ್ತಾ ಹೋಯಿತು. ಮೊದಲು ಸಹಿಸಿಕೊಂಡಿತು, ಆಮೇಲೆ ತಾನೇ ಕೊಟ್ಟಿತು. ಯಾವ ಕತೆ ಯಾವಾಗ ಹೇಗೆ ಬದಲಾಯ್ತು ಅನ್ನೋದಕ್ಕೆ ಶಿಲ್ಪವೇ ಸಾಕ್ಷಿ ಹೇಳುತ್ತದೆ.

ಭರ್ಹುತ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಬಹಳಷ್ಟು ಫಲಕಗಳಿಗೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ್ದಾರೆ. ಇದು ಇಂಥ ಜಾತಕ, ಇವನು ಇಂಥವನು ಅಂತ. 1873ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಇಲ್ಲಿಗೆ ಬಂದಾಗ ಸ್ತೂಪದ ಬಹುಪಾಲು ಕಲ್ಲು ಸುತ್ತಲಿನ ಊರುಗಳ ಮನೆ ಗೋಡೆ ಸೇರಿತ್ತು. ಉಳಿದ ಕಟಾಂಜನ ಕೋಲ್ಕತಾದ ಇಂಡಿಯನ್ ಮ್ಯೂಸಿಯಂ ಸೇರಿತು. ಆ ಪುಟ್ಟ ಹೆಸರುಪಟ್ಟಿಗಳು ಇಲ್ಲದಿದ್ದರೆ ಎಷ್ಟೋ ಕತೆಗಳ ಗುರುತು ಹಿಡಿಯಲು ಆಗುತ್ತಿರಲಿಲ್ಲ.

ಸಾಂಚಿ: ಬಾಣ ಇನ್ನೂ ಬಿಟ್ಟಿಲ್ಲ

ಸಾಂಚಿಯ ತೋರಣಗಳು ಕ್ರಿ.ಪೂ. 1ನೇ ಶತಮಾನದವು. ಇಲ್ಲಿ ಛದ್ದಂತ ಕತೆ ಒಂದಲ್ಲ, ಮೂರು ತೋರಣಗಳಲ್ಲಿದೆ. ದಕ್ಷಿಣ ತೋರಣದ ಹಿಂಬದಿಯ ನಡುವಿನ ಅಡ್ಡತೊಲೆ ನೋಡಿ. ಉದ್ದಕ್ಕೂ ತಾವರೆಕೊಳ, ನೀರಾಟವಾಡುವ ಆನೆಗಳು. ಗಜರಾಜನಿಗೆ ಇನ್ನೊಂದು ಆನೆ ಕೊಡೆ ಹಿಡಿದಿದೆ. ಅದೇ ಗಜರಾಜ ಮತ್ತೆ ಮತ್ತೆ ಕಾಣುತ್ತದೆ. ಬಲತುದಿಯಲ್ಲಿ ಬಿಲ್ಲು ಹಿಡಿದ ಬೇಡ ಹೊಂಚುಹಾಕಿದ್ದಾನೆ. ಅಷ್ಟೇ. ಗರಗಸ ಇಲ್ಲ, ರಕ್ತ ಇಲ್ಲ, ರಾಣಿಯೂ ಇಲ್ಲ.

ಯಕ್ಷಗಾನ ನೋಡುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೇ ಜನ ಬೆಳಗಿನವರೆಗೂ ಕೂರುತ್ತಾರೆ. ಸಾಂಚಿಯ ನೋಡುಗರಿಗೂ ಕತೆ ಗೊತ್ತಿತ್ತು. ಮುಂದಿನದು ಅವರ ಮನಸ್ಸಿನಲ್ಲೇ ನಡೆಯುತ್ತಿತ್ತು.

ಈ ದಕ್ಷಿಣ ತೋರಣದ ಒಂದು ಕಂಬದ ಮೇಲೆ ಇನ್ನೊಂದು ಶಾಸನ ಇದೆ. ಇಲ್ಲಿನ ಕೆತ್ತನೆ ವಿದಿಶೆಯ ದಂತಕಾರರದು ಅನ್ನುತ್ತದೆ. ದಂತಕಾರರೆಂದರೆ ಆನೆದಂತದಲ್ಲಿ ಕುಸುರಿ ಮಾಡುವವರು. ದಂತಕ್ಕಾಗಿ ಆನೆಯನ್ನು ಕೊಂದ ಕತೆ ಇರುವ ತೋರಣಕ್ಕೇ ದಂತದ ಕಸುಬಿನವರು ಕೈಹಾಕಿದ್ದಾರೆ. ಕಂಬ ಕೆತ್ತಿದವರೇ ಆ ತೊಲೆಯನ್ನೂ ಕೆತ್ತಿದರೋ ಏನೋ, ಶಾಸನ ಅಷ್ಟು ಬಿಡಿಸಿ ಹೇಳುವುದಿಲ್ಲ. ಆದರೂ ಬಾಣ ಬಿಡುವ ಮೊದಲೇ ಕತೆ ನಿಂತಿರುವುದನ್ನು ನೋಡಿದರೆ ನನಗೆ ಆ ಕಸುಬುದಾರರ ನೆನಪಾಗದೆ ಇರುವುದಿಲ್ಲ.

ಸಾಂಚಿಯಲ್ಲಿ 600ಕ್ಕೂ ಹೆಚ್ಚು ದಾನ ಶಾಸನಗಳಿವೆ. ಕೊಟ್ಟವರಲ್ಲಿ ಭಿಕ್ಷು, ಭಿಕ್ಷುಣಿಯರು, ವ್ಯಾಪಾರಿಗಳು, ಗೃಹಿಣಿಯರು, ಕುಶಲಕರ್ಮಿಗಳು ಇದ್ದಾರೆ. ಒಬ್ಬ ರಾಜ ಆಜ್ಞೆ ಮಾಡಿ ಕಟ್ಟಿಸಿದ ಗೋಡೆಯಲ್ಲ ಇದು, ಊರೂರಿನ ಜನ ಒಂದೊಂದು ಕಲ್ಲು ಕೊಟ್ಟು ಎಬ್ಬಿಸಿದ್ದು.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಭರ್ಹುತ್‌ನಲ್ಲೂ ಸಾಂಚಿಯಲ್ಲೂ ಬೋಧಿಸತ್ವ ಆನೆಯಾಗಿ, ಕೋತಿಯಾಗಿ, ಜಿಂಕೆಯಾಗಿ ಮೈಯಿಟ್ಟು ಕಾಣಿಸುತ್ತಾನೆ. ಆದರೆ ಸಿದ್ಧಾರ್ಥನಾಗಿ, ಬುದ್ಧನಾಗಿ ಕಾಣಿಸುವುದೇ ಇಲ್ಲ. ಪೂರ್ವ ತೋರಣದ ಮಹಾಭಿನಿಷ್ಕ್ರಮಣದಲ್ಲಿ ಕುದುರೆ ಕಂಥಕ ಹೊರಟಿದೆ, ಬೆನ್ನ ಮೇಲೆ ಯಾರೂ ಇಲ್ಲ, ಮೇಲೆ ಕೊಡೆ ಮಾತ್ರ ಇದೆ. ಕುದುರೆ ಸಾಲಾಗಿ ಹಲವು ಸಲ ಬಂದಿದೆ ಅಂದರೆ ಕುದುರೆಗಳು ಹಲವು ಅಂತಲ್ಲ, ಪಯಣ ಸಾಗುತ್ತಿದೆ ಅಂತ. ಕೊನೆಯಲ್ಲಿ ಎರಡು ಪಾದದ ಗುರುತು. ಬುದ್ಧನನ್ನು ಯಾಕೆ ತೋರಿಸಲಿಲ್ಲ ಅನ್ನೋದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಅಜಂತಾ: ರಾಣಿಯ ಪಾಲು

ಅಜಂತಾದ 10ನೇ ಗುಹೆಯ ಗೋಡೆಯಲ್ಲಿ ಇದೇ ಕತೆಯ ಬಹಳ ಹಳೆಯ ಚಿತ್ರವಿದೆ. ಕಾಲ ಹೆಚ್ಚುಕಡಿಮೆ ಸಾಂಚಿಯದೇ. ಈಗ ತುಂಬಾ ಮಾಸಿದೆ, ನೋಡಲು ಬಂದವರು ಹೆಸರು ಗೀಚಿ ಹಾಳುಮಾಡಿದ್ದಾರೆ. ಹಳೆಯ ಪ್ರತಿಚಿತ್ರಗಳ ಸಹಾಯ ಇಲ್ಲದೆ ಓದುವುದು ಕಷ್ಟ. ಭರ್ಹುತ್, ಸಾಂಚಿಯ ದಕ್ಷಿಣ ತೋರಣ ಎರಡೂ ಬಿಟ್ಟದ್ದನ್ನು ಇಲ್ಲಿನ ಚಿತ್ರಕಾರ ಕೈಗೆತ್ತಿಕೊಂಡ. ಅರಮನೆಗೆ ದಂತ ಬಂದಿದೆ, ಅದನ್ನು ನೋಡಿ ರಾಣಿ ಕುಸಿಯುತ್ತಿದ್ದಾಳೆ, ಸುತ್ತಲಿನವರು ಹಿಡಿದುಕೊಳ್ಳುತ್ತಿದ್ದಾರೆ. ಖಳನಾಯಕಿ ಅಂತ ಬದಿಗಿಡಬಹುದಾಗಿದ್ದವಳ ಸಂಕಟಕ್ಕೆ ಜಾಗ ಸಿಕ್ಕಿತು.

ಐದನೇ ಶತಮಾನದ 17ನೇ ಗುಹೆಯಲ್ಲಿ ಕತೆ ಮತ್ತೆ ಬರುತ್ತದೆ. ಅಲ್ಲಿ ಬೇಡ ಆನೆಯ ಮುಂದೆ ಬಾಗಿದ್ದಾನೆ. ಗರಗಸದಿಂದ ಶುರುವಾದದ್ದು ನಮಸ್ಕಾರಕ್ಕೆ ಬಂದು ಮುಟ್ಟಿತು.

ಅಜಂತಾದಲ್ಲಿ ಎಡವುವುದು ಸುಲಭ. ಹಳೇಬೀಡಿನ ರಾಮಾಯಣ, ಮಹಾಭಾರತದ ಪಟ್ಟಿಕೆಗಳನ್ನು ಸಾಲುಸಾಲಾಗಿ ನೋಡಿ ನಮಗೆ ಅಭ್ಯಾಸ. ಅಜಂತಾದಲ್ಲಿ ಎಷ್ಟೋ ಕತೆ ಕಾಲದ ಕ್ರಮದಲ್ಲಿಲ್ಲ, ಜಾಗದ ಕ್ರಮದಲ್ಲಿದೆ. ಕಾಡಿನಲ್ಲಿ ನಡೆದದ್ದೆಲ್ಲ ಒಂದು ಕಡೆ, ಅರಮನೆಯದೆಲ್ಲ ಇನ್ನೊಂದು ಕಡೆ. ಜರ್ಮನ್ ವಿದ್ವಾಂಸ ಡೀಟರ್ ಶ್ಲಿಂಗ್ಲಾಫ್ ಇದನ್ನು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಇದು ಗೊತ್ತಿಲ್ಲದಿದ್ದರೆ ಗೋಡೆ ಬರೀ ಜನಜಂಗುಳಿಯಂತೆ ಕಾಣುತ್ತೆ.

ನಮ್ಮ ಕನಗನಹಳ್ಳಿ

ಇದೆಲ್ಲ ಎಲ್ಲೋ ಮಧ್ಯಪ್ರದೇಶ, ಮಹಾರಾಷ್ಟ್ರದ ಮಾತು ಅಂದುಕೊಳ್ಳಬೇಡಿ. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ತೀರದಲ್ಲಿ, 1990ರ ದಶಕದಲ್ಲಿ ಅಗೆದಾಗ ಒಂದು ದೊಡ್ಡ ಸ್ತೂಪವೇ ಸಿಕ್ಕಿತು. ಅಲ್ಲಿ ಜಾತಕಗಳಿವೆ, ಬುದ್ಧನ ಜೀವನದ ದೃಶ್ಯಗಳಿವೆ, ಶಾತವಾಹನ ರಾಜರಿದ್ದಾರೆ. ಭರ್ಹುತ್‌ನಂತೆ ಇಲ್ಲೂ ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ್ದಾರೆ. ರಾಣಿ, ಪರಿವಾರದ ಜೊತೆ ನಿಂತ ಒಬ್ಬ ರಾಜನ ಫಲಕದ ಮೇಲೆ 'ರಾಯೋ ಅಸೋಕೋ' ಎಂದಿದೆ. ಹೆಸರು ಸಮೇತ ಸಿಕ್ಕ ಅಶೋಕನ ಪ್ರಾಚೀನ ಶಿಲ್ಪ ಎಂದು ಇದು ಹೆಸರಾಗಿದೆ.

ಪಠ್ಯಪುಸ್ತಕಗಳಲ್ಲಿ ಅಶೋಕ ಅಂದರೆ ಇವತ್ತಿಗೂ ನಾಲ್ಕು ಸಿಂಹ ಮತ್ತು ಕಳಿಂಗ ಯುದ್ಧ. ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಅವನಿದ್ದಾನೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಸ್ತೂಪವನ್ನು ಉಳಿಸಲು ಬೇಲಿ, ಕಾವಲು, ಹಣ ಎಲ್ಲ ಬೇಕು ನಿಜ. ಆದರೆ ಅದನ್ನು ಓದಬಲ್ಲ ಜನ ಇಲ್ಲದಿದ್ದರೆ ಅದು ಮತ್ತೆ ಕಲ್ಲಾಗುತ್ತದೆ. ಭರ್ಹುತ್‌ನ ಕಲ್ಲು ಮನೆ ಗೋಡೆಗೆ ಹೋದದ್ದು ಅಲ್ಲಿನವರು ಕೆಟ್ಟವರಾಗಿದ್ದರಿಂದ ಅಲ್ಲ. ಆ ಹೊತ್ತಿಗೆ ಅದರ ಕತೆ ಹೇಳುವವರು ಯಾರೂ ಉಳಿದಿರಲಿಲ್ಲ.

ಹಾಗಾಗಿ ಇನ್ನೊಂದು ಸಲ ಇಂಥ ಗೋಡೆಯ ಮುಂದೆ ನಿಂತಾಗ "ಇದು ಯಾವ ಕತೆ?" ಅಂತ ಕೇಳಿ ಸುಮ್ಮನಾಗಬೇಡಿ. ಒಬ್ಬನೇ ಎಷ್ಟು ಸಲ ಬಂದಿದ್ದಾನೆ ನೋಡಿ. ಖಾಲಿ ಬಿಟ್ಟ ಜಾಗ ಯಾವುದು ನೋಡಿ. ಅಕ್ಷರ ಇದ್ದರೆ ಕೊಟ್ಟವರು ಯಾರು ಅಂತ ಕೇಳಿ. ಮುಖ್ಯವಾಗಿ, ಗೊತ್ತಿರುವ ಕತೆಯಲ್ಲಿ ಶಿಲ್ಪಿ ಯಾವುದನ್ನು ಬಿಟ್ಟ, ಯಾವುದನ್ನು ಇಟ್ಟುಕೊಂಡ ಅಂತ ಕೇಳಿ. ಗರಗಸ ಯಾರ ಕೈಯಲ್ಲಿದೆ ಅನ್ನುವುದರಲ್ಲೇ ಎಷ್ಟು ಚರಿತ್ರೆ ಇದೆ ಅಂತ ಆಗ ತಿಳಿಯುತ್ತದೆ.