ಊರು ಕಟ್ಟುವ ವಿದ್ಯೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಭಿವೃದ್ಧಿ ಯೋಜನೆಗೆಂದೇ ಮೀಸಲಾದ ಸ್ನಾತಕೋತ್ತರ ವಿಭಾಗವೊಂದಿದೆ. ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ತರುಣರು ಊರು ಕಟ್ಟುವ ವಿದ್ಯೆಯನ್ನು ಅರಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಆ ವಿದ್ಯೆಯ ಒಂದು ಬೇರು ನಮ್ಮ ಬೆಂಗಳೂರು, ಭದ್ರಾವತಿಗಳ ಮಣ್ಣಿನಲ್ಲಿ ಇಳಿದಿತ್ತೆಂಬ ಸಂಗತಿ ನಮ್ಮವರಲ್ಲಿಯೇ ಬಹುಮಂದಿಗೆ ತಿಳಿಯದು.

ಆಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ನಾಜಿಗಳ ದೆಸೆಯಿಂದ ದೇಶ ತೊರೆದು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲವದು. ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಡಗಳನ್ನು ರೂಪಿಸಿದರು. ಭದ್ರಾವತಿಗೆ ಹೊಸ ಊರಿನ ನಕ್ಷೆ ಬರೆದರು. ಸ್ವಾತಂತ್ರ್ಯಾನಂತರ ಭುವನೇಶ್ವರದ ನಕ್ಷೆಯೂ ಅವರದೇ. ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ, ಮನೆಯ ಭಾಗಗಳನ್ನು ಕಾರ್ಖಾನೆಯಲ್ಲಿಯೇ ತಯಾರಿಸಿ ಜೋಡಿಸುವ ಪ್ರಯೋಗವನ್ನು ದೆಹಲಿಯಲ್ಲಿ ನಡೆಸಿ ಸೋತರು. 1951ರಲ್ಲಿ ಲಂಡನ್ ಸೇರಿದರು.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಯೊಬ್ಬ, ಇಲ್ಲಿ ಕಲಿಸುವುದು ತನ್ನ ನಾಡಿಗೆ ಒಗ್ಗದೆಂದು ತಕರಾರು ತೆಗೆದಿದ್ದ. ಅದರಿಂದ 1953ರಲ್ಲಿ ಒಂದು ಸಮ್ಮೇಳನ, 1954ರಲ್ಲಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವ್ಯಾಸಂಗ ಹುಟ್ಟಿಕೊಂಡವು. ವಿದ್ಯಾರ್ಥಿಯ ತಕರಾರಿನಿಂದ ಒಂದು ವಿಭಾಗವೇ ಹುಟ್ಟುವುದು ನಮ್ಮ ಕಾಲೇಜುಗಳಲ್ಲಿ ಕಂಡ ಸಂಗತಿಯಲ್ಲ! ಮುಂದೆ ಕೋನಿಗ್ಸ್‌ಬರ್ಗರ್ ಅದರ ಮುಖ್ಯಸ್ಥರಾದರು. 1971ರಲ್ಲಿ ಅದು ಯೂನಿವರ್ಸಿಟಿ ಕಾಲೇಜಿಗೆ ಬಂದು ಈಗಿನ ವಿಭಾಗವಾಯಿತು.

1964ರಲ್ಲಿ ಅವರು ಪ್ರಕಟಿಸಿದ ವಿಚಾರವೊಂದು ನನಗೆ ಬಹಳ ಹಿಡಿಸಿತು. ನಗರಕ್ಕೊಂದು ಮಹಾನಕ್ಷೆ ಸಿದ್ಧಪಡಿಸಲು ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ನಗರ ತನ್ನ ಪಾಡಿಗೆ ತಾನು ಬೆಳೆದು ನಕ್ಷೆಯನ್ನು ಹಿಂದಕ್ಕೆ ಹಾಕಿರುತ್ತದೆ. ಆದ್ದರಿಂದ ನೋಡುವುದು, ಯೋಚಿಸುವುದು, ಮಾಡುವುದು ಮೂರೂ ಜೊತೆಜೊತೆಯಾಗಿ ನಡೆಯಬೇಕು. ತಪ್ಪಿದಲ್ಲಿ ಅಲ್ಲಲ್ಲಿಯೇ ತಿದ್ದಿಕೊಳ್ಳಬೇಕು. ಬೆಂಗಳೂರಿನಲ್ಲಿ ಬಾಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವ್ಯಾಸಂಗಕ್ಕೆ ಹೊರಟಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, “ಸರ್, ಅಲ್ಲಿ ನನ್ನ ಕನ್ನಡದಿಂದೇನು ಪ್ರಯೋಜನ?” ಎಂದು ಕೇಳಿದಳು. ನಾನು ಕೆಲವು ಮಾತುಗಳನ್ನು ಅವಳ ಮುಂದಿಟ್ಟೆ: ಪೇಟೆ, ಹಟ್ಟಿ, ಅಗ್ರಹಾರ, ಮೊಹಲ್ಲ, ಕೇರಿ. ಯಾರು ಯಾರೊಡನೆ ಬಾಳಿದರು, ಯಾರನ್ನು ದೂರವಿಟ್ಟರು ಎಂಬುದನ್ನು ಒಂದೊಂದು ಮಾತೂ ಹೇಳುತ್ತದೆ. ನಕ್ಷೆಯ ಮೇಲೆ ಇವೆಲ್ಲ ಸಂಖ್ಯೆ ಹೊತ್ತ ವಾರ್ಡುಗಳಾಗಿಬಿಡುತ್ತವೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ ‘ಊರುಕೇರಿ’ ಎಂದು ಹೆಸರಿಟ್ಟದ್ದು ಸುಮ್ಮನಲ್ಲ; ಊರೆಂದರೆ ಅದರಲ್ಲಿ ಕೇರಿ ಸೇರುವುದೆಂದು ನಮ್ಮ ನುಡಿಯೇ ಒಪ್ಪಿಕೊಂಡಿಲ್ಲ. ಸಮುದಾಯದ ಅಭಿವೃದ್ಧಿ ಎನ್ನುವಾಗ ಯಾವ ಸಮುದಾಯ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. ಸಮೀಕ್ಷೆಗೆ ಯಾವ ಊರಿಗೆ ಹೋದರೂ, ಪೇಟೆಗೆ ನಲ್ಲಿನೀರು ಯಾವ ವರ್ಷ ಬಂತು, ಕೇರಿಗೆ ಯಾವ ವರ್ಷ ಬಂತು, ಎರಡನ್ನೂ ಮೊದಲು ಕೇಳಿ ಬರೆದುಕೋ ಎಂದೆ.